ಕಿಟಕಿಯಾಚೆಯ ಕಿವಿ

“ಸೋಮವಾರದಿಂದ ನಿಂಗೆ ಕಣ ಬೇಡ ಸಣ್ಣಕ್ಕ. ಮೆಣಸು ಕೊಯ್ಯೋರ ಜೊತೆ ತೋಟಕ್ಕೆ ಹೋಗು,” ಎಂದ ಒಡೆಯರ ಮಗ ನಿತೀಶ್, ಜಗುಲಿಯ ಮೇಲಿಂದಲೇ. “ಕಿವಿ ಕೆಟ್ಟದೆ ನಿಂಗೆ. ಇಲ್ದಿರೋ ಸದ್ದೆಲ್ಲ ಕೇಳ್ತದೆ.”

ಸಣ್ಣಕ್ಕ ಕಾಫಿ ಕೆದಕುವ ಹಲಗೆ ಹಿಡಿದುಕೊಂಡೇ ನಿಂತಳು. ನೆಮ್ಮಾರಿನ ಆ ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದವಳು ಅವಳೇ. ಒಂದು ಮುಷ್ಟಿ ಹಣ್ಣು ಕಿವಿಯ ಬಳಿ ಅಲ್ಲಾಡಿಸುವಳು. ಒಳಗಿನ ಬೀಜ ಗಲಗಲ ಎಂದರೆ ಚೀಲಕ್ಕೆ, ಇಲ್ಲವಾದರೆ ಮತ್ತೆ ಬಿಸಿಲಿಗೆ. ಈ ವರ್ಷ ನಿತೀಶ್ ತೇವ ಅಳೆಯುವ ಮೀಟರ್ ತಂದಿದ್ದ. ಅದಾದರೂ ಹೋಗಲಿ, ಮೊನ್ನೆ ಅವಳ ಬಾಯಿ ಸುಮ್ಮನಿರಲಿಲ್ಲ. ಹಾಡಿನ ಸದ್ದು ಹೆಚ್ಚಿಸುವ ಅವನ ಹೊಸ ಆಂಪ್ಲಿಫೈಯರು ಹಾಡು ನಿಂತ ಮೇಲೂ ಗುಂಯ್ ಎನ್ನುತ್ತದೆ ಎಂದುಬಿಟ್ಟಿದ್ದಳು. ಒಳಗೆ ಕೂತ ಯಾರಿಗೂ ಅದು ಕೇಳಿಸಿರಲಿಲ್ಲ. ಮೆಣಸಿನ ತೋಟದ ಗುಡ್ಡ ಹತ್ತಿಳಿಯಲು ಅವಳ ಮಂಡಿ ಒಪ್ಪುವುದಿಲ್ಲ. ಕಣ ತಪ್ಪಿದರೆ ಕೆಲಸವೇ ತಪ್ಪಿದಂತೆ. ಅವಳಿಗೆ ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು.

ಅಷ್ಟರಲ್ಲಿ ಇನ್ನೆರಡು ಸ್ಪೀಕರ್ ಜೋಡಿಸಲು ಕೊಪ್ಪದಿಂದ ಮೆಕ್ಯಾನಿಕ್ ಹರೀಶ ಬಂದ. ಸಣ್ಣಕ್ಕ ಹಾಡಿನ ಕೋಣೆಯ ಕಿಟಕಿಯ ಕೆಳಗೆ, ದಿನಾ ಬುತ್ತಿ ಉಣ್ಣುವ ಜಾಗದಲ್ಲಿ ಹೋಗಿ ಕೂತಳು. ಹರೀಶ ಒಳಗೆ ಮೊದಲು ಮಾಡಿದ ಕೆಲಸವೆಂದರೆ ಫ್ಯಾನು ಆರಿಸಿದ್ದು. ಆಮೇಲೆ ಕಿವಿಗೊಟ್ಟು ಆಲಿಸಿದ.

“ಗುಂಯ್ ಅಂತದಲ್ಲ ಮಾರಾಯ್ರೆ.”

“ಎಲ್ಲಿ?” ನಿತೀಶ್ ಸ್ಪೀಕರಿಗೆ ಕಿವಿ ಹಚ್ಚಿದ. ಈ ಸಲ ಅವನಿಗೂ ಕೇಳಿಸಿತು.

ಹರೀಶ ಆಂಪ್ಲಿಫೈಯರಿನ ಸ್ಟ್ಯಾಂಡಿನ ಹಿಂದೆ ಬಗ್ಗಿ ನೋಡಿ ನಕ್ಕ. ಕರೆಂಟಿನ ವೈರು, ಹಾಡು ಹೋಗುವ ವೈರು ಎರಡನ್ನೂ ಸೇರಿಸಿ, ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಿದ ಹಾಗೆ, ಗೇಣಿಗೊಂದು ಗಂಟು ಹಾಕಿ ಬಿಗಿಯಲಾಗಿತ್ತು.

“ಯಾರು ಕಟ್ಟಿದ್ದು ಇದನ್ನ?”

“ನಾನೇ. ಚೆಂದ ಕಾಣ್ಲಿ ಅಂತ.”

“ಚೆಂದ ಏನೋ ಕಾಣ್ತದೆ. ಆದ್ರೆ ಹೀಗೆ ಅಂಟ್ಕಂಡಿದ್ರೆ ಕರೆಂಟಿನ ಗುಂಯ್ ಪಕ್ಕದ ವೈರಿಗೂ ಇಳೀತದೆ. ಒಂದಡಿ ದೂರ ಇಡ್ಬೇಕು. ಒಂದ್ರ ಮೇಲೊಂದು ದಾಟಿಸ್ಲೇಬೇಕು ಅಂದ್ರೆ ಅಡ್ಡ ದಾಟಿಸ್ಬೇಕು.” ಗಂಟುಗಳನ್ನು ಕತ್ತರಿಸಿ ಎರಡನ್ನೂ ಬೇರೆ ಮಾಡಿದ. “ಫ್ಯಾನ್ ಹಾಕ್ಕಂಡು ಕೂತ್ರೆ ಇದು ಕೇಳ್ಸದೇ ಇಲ್ಲ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?”

ನಿತೀಶ್ ಕಿಟಕಿಗೆ ಬಂದ. “ಸಣ್ಣಕ್ಕ, ಒಳಗೆ ಬಂದು ಕೇಳು. ಸದ್ದು ನಿಂತದಾ ನೋಡು.”

ಇಪ್ಪತ್ತೆರಡು ವರ್ಷದಲ್ಲಿ ಆ ಹೊಸ್ತಿಲು ದಾಟಿ ಬಾ ಎಂದು ಅವಳನ್ನು ಯಾರೂ ಕರೆದಿರಲಿಲ್ಲ. “ನಂಗೆ ಇಲ್ಲಿಂದ್ಲೇ ಕೇಳ್ತದೆ ಅಯ್ಯಾ. ನಿಂತದೆ,” ಎಂದಳು, ಕೂತಲ್ಲಿಂದ ಏಳದೆ.

ನಿತೀಶ್ ತಾನೇ ಅಂಗಳಕ್ಕೆ ಇಳಿದು ಬಂದ. “ಈ ಕಾಫಿ ಚೀಲಕ್ಕೆ ತುಂಬಬೌದಾ? ಮೀಟರು ಒಣಗ್ಯದೆ ಅಂತದೆ.”

“ಮೀಟರು ಎಲ್ಲಿ ಹಿಡಿದ್ರಿ?”

“ಇಲ್ಲೇ, ಈ ತುದೀಲಿ.”

ಸಣ್ಣಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಬಿಸಿಲ ತುದಿಯಿಂದ ಒಂದು ಮುಷ್ಟಿ, ಹಲಸಿನ ಮರದ ನೆರಳು ಬೀಳುವ ಕಡೆಯಿಂದ ಇನ್ನೊಂದು ಮುಷ್ಟಿ ತಂದು, ಕಿವಿಯ ಬಳಿ ಅಲ್ಲಾಡಿಸಿ, ಅವನ ಎರಡು ಕೈಗೂ ಸುರಿದಳು. “ಬಿಸಿಲ ಕಡೇದು ಆಗ್ಯದೆ. ನೆರಳಿನ ಕಡೇದಕ್ಕೆ ಇನ್ನೆರಡು ಬಿಸಿಲು ಬೇಕು. ಒಟ್ಟಿಗೆ ತುಂಬಿದ್ರೆ ಎಲ್ಲಾ ಬೂಸ್ಲು ಹಿಡೀತದೆ.”

“ಸೋಮವಾರ ಕಣಕ್ಕೇ ಬಾ,” ಎಂದ ನಿತೀಶ್, ಅವಳ ಮುಖ ನೋಡದೆ.

ಆಮೇಲೆ ಒಂದು ಮುಷ್ಟಿಯನ್ನು ತನ್ನ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಇನ್ನೊಂದನ್ನೂ ಅಲ್ಲಾಡಿಸಿದ. ಎರಡೂ ಒಂದೇ ಥರ ಕೇಳಿಸಿದವೆಂದು ಅವನ ಮುಖವೇ ಹೇಳುತ್ತಿತ್ತು. ಫ್ಯಾನಿನ ಸದ್ದೇ ಅಡ್ಡ ಬರುತ್ತಿದೆಯೇನೋ ಎಂದು ತಿರುಗಿ ಕಿಟಕಿಯೊಳಗೆ ನೋಡಿದ.

ಫ್ಯಾನು ನಿಂತೇ ಇತ್ತು.