ಅರ್ಧ ಹೊಟ್ಟೆಗೆ, ಅರ್ಧ ಎಲೆಗೆ

ಮಾತಿನಮಲ್ಲ ಬಾಟಲಿ ಎತ್ತಿ ಗಟಗಟನೆ ಅರ್ಧ ಕುಡಿದ. ಸುತ್ತ ನೆರೆದಿದ್ದ ತರಕಾರಿ ಬೆಳೆಗಾರರು ಉಸಿರು ಬಿಗಿಹಿಡಿದು ನೋಡಿದರು. ಉಳಿದರ್ಧವನ್ನು ಅವನು ಹುಳು ಮುತ್ತಿದ್ದ ಎಲೆಕೋಸಿನ ಮೇಲೆ ಸಿಂಪಡಿಸಿದ.

“ಮಣ್ಣಲ್ಲಿರೋ ಬ್ಯಾಕ್ಟೀರಿಯಾ ತಯಾರಿಸೋ ಪ್ರೋಟೀನ್ ಇದು. ಹುಳ ತಿಂದ್ರೆ ಅದರ ಕರುಳು ತೂತಾಗುತ್ತೆ. ನಮಗೇನೂ ಆಗಲ್ಲ. ನೋಡಿ, ಗುಂಡುಕಲ್ಲಿನ ಹಾಗಿದೀನಿ!”

ಕೀಟನಾಶಕ ಕಂಪನಿಯ ಕಟ್ಟಪ್ಪಣೆ ಅದು: ಕುಡಿದು ತೋರಿಸದ ಮಾರಾಟಗಾರನಿಗೆ ಕೆಲಸವಿಲ್ಲ. ಆದರೆ ನಮ್ಮ ಮಲ್ಲ ಮಹಾ ಪುಕ್ಕಲ. ಹುಳುವಿನ ಕರುಳು ತೂತು ಮಾಡುವಂಥದ್ದು ತನ್ನ ಕರುಳನ್ನು ಬಿಟ್ಟೀತೇ? ಕೆಲಸಕ್ಕೆ ಸೇರಿದ ದಿನವೇ ಹೆಂಡತಿಯ ಕಿವಿಯಲ್ಲಿ ಹೇಳಿದ್ದ.

“ಕಂಪನಿ ಪುಡಿ ಬೇಡ ಕಣೇ. ಬಾಟಲಿಗೆ ಮೈದಾ ಕದಡಿ ತುಂಬು.”

ಅಂದಿನಿಂದ ಅವನು ಗಡ್ಡ ಬೋಳಿಸುತ್ತ ಭಾಷಣ ಉರು ಹೊಡೆಯುವಷ್ಟರಲ್ಲಿ ಬಾಟಲಿ ಸಿದ್ಧವಾಗಿರುತ್ತಿತ್ತು. ರುಚಿ ಮಾತ್ರ ಮಣ್ಣುಮಣ್ಣು. ಅಂಗಡಿಯವನು ಹಳೇ ಮೈದಾ ಕೊಟ್ಟು ಟೋಪಿ ಹಾಕುತ್ತಿದ್ದಾನೆಂದು ಬೈದುಕೊಂಡೇ ಕುಡಿಯುತ್ತಿದ್ದ.

ವಿಚಿತ್ರವೆಂದರೆ, ಹುಳುಗಳು ಸಾಯುತ್ತಿದ್ದವು. ಒಂದು ತೋಟದಲ್ಲಲ್ಲ, ಹೋದಲ್ಲೆಲ್ಲ. ಸಂಜೆಗೇ ತಿನ್ನುವುದು ಬಿಟ್ಟು, ಮೂರು ದಿನದಲ್ಲಿ ಕಪ್ಪಗಾಗಿ ಜೋತುಬೀಳುತ್ತಿದ್ದವು. ಮಲ್ಲ ಮೊದಮೊದಲು ತಲೆ ಕೆರೆದುಕೊಂಡ. ಆಮೇಲೆ ತಲೆ ಓಡಿತು. ಹುಳು ಕೊಲ್ಲುವುದು ಮೈದಾವೇ! ಬ್ಯಾಕ್ಟೀರಿಯಾವೂ ಇಲ್ಲ, ಪ್ರೋಟೀನೂ ಇಲ್ಲ. ಕಂಪನಿಯವರು ಡಬ್ಬಕ್ಕೆ ಬರೀ ಮೈದಾ ತುಂಬಿ ಜನರ ಕಿವಿಗೆ ಹೂ ಇಡುತ್ತಿದ್ದಾರೆ!

ಮರುದಿನವೇ ಮ್ಯಾನೇಜರ್ ಮೇಜಿನ ಮೇಲೆ ರಾಜೀನಾಮೆ ಬಿತ್ತು.

“ನಿಮ್ಮ ಗುಟ್ಟು ಗೊತ್ತಾಯ್ತು ಸಾರ್. ಇನ್ಮೇಲೆ ನಂದೇ ಕಂಪನಿ.”

“ಗುಟ್ಟೇನ್ರೀ ಬಂತು? ಡಬ್ಬದ ಮೇಲೇ ಬರೆದಿದ್ಯಲ್ಲ,” ಎಂದರು ಮ್ಯಾನೇಜರ್. ಮಲ್ಲ ಒಳಗೊಳಗೇ ನಕ್ಕ.

ಕೂಡಿಟ್ಟದ್ದನ್ನೆಲ್ಲ ಸುರಿದು ಲಾರಿ ತುಂಬ ಮೈದಾ ತರಿಸಿದ. ನಡುಮನೆ, ಮಲಗುವ ಕೋಣೆ, ಮೆಟ್ಟಿಲು, ಎಲ್ಲೆಲ್ಲೂ ಮೂಟೆ. ಸಂಜೆ ತನ್ನ ಟೈಲರ್ ಅಂಗಡಿ ಮುಚ್ಚಿ ಬಂದ ಹೆಂಡತಿಗೆ ಹೊಸಿಲು ದಾಟಲೂ ಜಾಗವಿರಲಿಲ್ಲ.

“ಏನ್ರೀ ಇದು ಅವತಾರ?”

“ಎಲ್ಲಾ ನಿನ್ನ ಕೈಗುಣ ಕಣೇ! ನೀನು ಕದಡಿ ಕೊಟ್ಟ ಮೈದಾಗೇ ಅಷ್ಟೂ ಹುಳ ಸತ್ತಿದ್ದು. ಕೆಲಸ ಬಿಟ್ಟುಬಂದೆ. ಇನ್ನು ನಾವೇ ಧಣಿಗಳು!”

ಅವಳು ಮೂಟೆಗಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಹೊಸಿಲ ಮೇಲೇ ಕೂತುಬಿಟ್ಟಳು.

“ನಮಗೇನೂ ಆಗಲ್ಲ ಅಂತ ನೀವೇ ಊರಿಗೆಲ್ಲ ಸಾರ್ತಿದ್ರಲ್ಲ, ನಾನು ನಂಬಿಬಿಟ್ಟೆ ಕಣ್ರೀ, ಒಂದು ದಿನಾನೂ ಮೈದಾ ಹಾಕಿಲ್ಲ, ಕದಡಿ ಕೊಟ್ಟಿದ್ದೆಲ್ಲ ನಿಮ್ಮ ಕಂಪನಿ ಪುಡೀನೇ.”