ಬಾದಾಮಿ ಆಕಾರ

ಶಿವರಂಜನಿಯ ಪಿಎಚ್‌ಡಿ ಗೈಡ್ ಪ್ರಮೋದ ಸರ್, ವೇದಿಕೆಯ ಮೇಲೆ ಎರಡು ಖಡಕ್ ರೊಟ್ಟಿ ಎತ್ತಿ ಹಿಡಿದು, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಸರಿಸಿದರು. "ಇವು ಸೀಸದ ಎರಡು ನ್ಯೂಕ್ಲಿಯಸ್ ಅಂತ ತಿಳ್ಕೊರಿ. ಹೆಚ್ಚುಕಡಿಮಿ ಬೆಳಕಿನಷ್ಟ ಜೋರಾಗಿ ಬಂದು ಹಿಂಗ ಡಿಕ್ಕಿ ಹೊಡಿತಾವ. ಒಂದರ ಮ್ಯಾಲೊಂದು ಬಿದ್ದ ಜಾಗಾ ನೋಡ್ರಿ, ಬಾದಾಮಿ ಆಕಾರ! ಅಲ್ಲಿ ಪ್ರೋಟಾನು, ನ್ಯೂಟ್ರಾನು ಎಲ್ಲಾ ಕರಗಿ ಕ್ವಾರ್ಕು, ಗ್ಲೂಆನುಗಳ ಸಾರಾಗಿ, ಉದ್ದಕ್ಕಲ್ಲ, ಅಗಲಕ್ಕ ಜೋರಾಗಿ ಹರೀತೈತಿ. ಒಂದಿನಾ ಊಟಕ್ಕ ಕುಂತಾಗ ನನಗ ಇದು ಹೊಳೀತು."

ಊಟಕ್ಕೆ ಕೂತಾಗ ಹೊಳೆಯಿತಂತೆ, ಪುಣ್ಯಾತ್ಮನಿಗೆ! ಲಕ್ಷ್ಮೇಶ್ವರದ ಆ ಕಾಲೇಜಿನ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಗದಿಗೆವ್ವ ಪಕ್ಕದಲ್ಲಿದ್ದ ಮಗಳು ಶಿವರಂಜನಿಯ ಕಡೆ ಹೊರಳಿದಳು. ಇವತ್ತು ಭಾಷಣ ಮಾಡುವವಳು ಮಗಳೇ ಎಂದುಕೊಂಡು ಆ ರೊಟ್ಟಿ ಬಡಿದು ಒಣಗಿಸಿ ತಂದವಳು ಅವಳೇ. "ಇದು ನೀ ನಮ್ಮ ಒಲಿ ಮುಂದ ಕುಂತು ನನಗ ತಿಳಿಸಿ ಹೇಳಿದ್ದಲ್ಲೇನ? ನಾ ಬಡದ ರೊಟ್ಟಿ ಹಿಡಕೊಂಡು?"

ಹಿಂದಿನ ಸಾಲಿನವರ ಕಿವಿ ನಿಮಿರಿದವು. ಶಿವರಂಜನಿ ವೇದಿಕೆ ನೋಡಿದಳು. ಐದು ವರ್ಷದ ಅವಳ ಪ್ರಬಂಧಕ್ಕೆ ಸರ್ ರುಜು ಇನ್ನೂ ಬಿದ್ದಿರಲಿಲ್ಲ.

"ಅಲ್ಲಬೇ," ಎಂದಳು, ಹಿಂದಿನವರಿಗೂ ಕೇಳುವಂತೆ. "ಸರ್ ಹೇಳಿದ್ದನ್ನ ನಾ ನಿನಗ ಹೇಳಿದ್ದೆ."

ವೇದಿಕೆಯ ಮೇಲೆ ಸರ್ ರೊಟ್ಟಿಯ ತುಂಡೊಂದನ್ನು ಮುರಿದು ಬಾಯಿಗಿಟ್ಟುಕೊಂಡರು. ಎಲ್ಲರೂ ನಕ್ಕರು. ಗದಿಗೆವ್ವ ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು, ಮಗಳ ಮುಖದಿಂದ ಕಣ್ಣು ಕೀಳದೆ.