ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಬಾವಿಗಿಳಿದ ಅವ್ವ

ಗಜೇಂದ್ರಗಡದ ಸುವರ್ಣಾಗೆ ನೀರೆಂದರೆ ಜೀವಭಯ.

ಚಿಕ್ಕವಳಿದ್ದಾಗ ಕೆರೆಯಲ್ಲಿ ಕಾಲು ಜಾರಿ ಬಿದ್ದಿದ್ದಳು. ಯಾರೋ ಜಡೆ ಹಿಡಿದೆಳೆದು ಉಳಿಸಿದ್ದರು... ಅಂದಿನಿಂದ ಆಕೆ ತುಂಬಿದ ಬಾವಿಯನ್ನು ಇಣುಕಿ ಕೂಡ ನೋಡಿದವಳಲ್ಲ.

ಆದರೆ ಅವಳ ಮಾವ ಕಳಕಪ್ಪಜ್ಜನಿಗೆ ನೀರೆಂದರೆ ಪಂಚಪ್ರಾಣ!

ಬಸ್ ಡ್ರೈವರ್ ಆಗಿ ರಿಟೈರ್ ಆದ ಮನುಷ್ಯ. ಬೇಸಿಗೆ ರಜೆ ಬಂತೆಂದರೆ ಓಣಿಯ ಮಕ್ಕಳನ್ನೆಲ್ಲ ಕರೆದುಕೊಂಡು ಊರಾಚೆಯ ಪೇರಲ ತೋಟದ ಮೆಟ್ಟಿಲುಬಾವಿಗೆ ಹೊರಟುಬಿಡುತ್ತಿದ್ದ.

ಬೆನ್ನಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿ, ಗದ್ದದ ಕೆಳಗೆ ಕೈಕೊಟ್ಟು ಈಜು ಕಲಿಸುತ್ತಿದ್ದ.

"ಹೆಣ್ಣುಹುಡುಗ್ರಿಗೆ ಯಾಕ ಬೇಕೋ ಮಾರಾಯಾ ಈಸು?" ಎಂದು ಯಾರಾದರೂ ಕೇಳಿದರೆ, "ನೀರಿಗೆ ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗ್ತದೇನು?" ಎಂದು ನಗುತ್ತಿದ್ದ.

ಮೊಮ್ಮಗಳು ಭೂಮಿಕಾಗೆ ಏಳು ತುಂಬಿದ ಬೇಸಿಗೆಯಲ್ಲಿ ಅವಳ ಸರದಿ ಬಂತು. ಹುಡುಗಿ ಬೇಗ ಕಲಿತಳು.

"ಈ ಭಾನುವಾರ ಕ್ಯಾನ್ ಬಿಚ್ಚೂಣು. ಮೀನಿನಂಗ ಈಸ್ತೀ ನೋಡು!" ಎಂದ ಅಜ್ಜ.

ಆ ಭಾನುವಾರ ಬರಲೇ ಇಲ್ಲ...

ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಒರಗಿದ ಅಜ್ಜ ಮತ್ತೆ ಏಳಲಿಲ್ಲ.

ಭೂಮಿಕಾ ಜಾಸ್ತಿ ಅಳಲಿಲ್ಲ. ಆದರೆ ಮಾತು ಕಡಿಮೆಯಾಯಿತು, ನಗು ನಿಂತೇಹೋಯಿತು.

ಒಂದು ವರ್ಷ ಕಳೆದು ಮತ್ತೆ ಬೇಸಿಗೆ ಬಂತು. ಅಪ್ಪ ವೀರೇಶ ಬಾವಿಗೆ ಕರೆದೊಯ್ದರೆ, ಮಗಳು ಮೇಲಿನ ಮೆಟ್ಟಿಲ ಮೇಲೆ ಕೂತು ಮೊಣಕಾಲಲ್ಲಿ ಮುಖ ಮುಚ್ಚಿಕೊಂಡಳು.

"ಅಜ್ಜ ಇಲ್ಲದ ನೀರಿಗೆ ನಾ ಇಳ್ಯಂಗಿಲ್ಲ..."

ಬೈದರು, ಐಸ್‌ಕ್ರೀಮ್ ಆಸೆ ತೋರಿಸಿದರು. ಏನೂ ಪ್ರಯೋಜನವಾಗಲಿಲ್ಲ.

ಅವತ್ತು ಸುವರ್ಣಾ ಹೊಲಿಗೆ ಮಷಿನ್ ಮುಂದೆ ಸುಮ್ಮನೆ ಕೂತಿದ್ದಳು. ಮಗಳು ಈಜು ಕಲಿಯದಿದ್ದರೆ ಮುಳುಗಿಹೋಗುವುದೇನಿಲ್ಲ... ಆದರೆ ಈ ಮಗು ದುಃಖದ ದಂಡೆಯ ಮೇಲೇ ಕೂತುಬಿಟ್ಟರೆ?

ರಾತ್ರಿ ಊಟದ ಹೊತ್ತಿಗೆ ಆಕೆ ಗಂಡನಿಗೆ ಹೇಳಿದಳು, "ನಾಳೆ ನಾನೂ ಬಾವಿಗೆ ಬರ್ತೀನ್ರಿ. ನನಗ ಈಸು ಕಲಸ್ರಿ."

ವೀರೇಶನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು! "ನೀನು?! ಕೊಡ ತುಂಬಿದ್ರ ಹಿಂದ ಸರಿಯಾಕಿ!"

"ಹೂಂ, ನಾನ. ಅಂಜಿಕಿ ಐತಿ... ಆದ್ರೂ ಬರ್ತೀನಿ."

ಮರುದಿನ ಚೂಡಿದಾರದ ಮೇಲೆ ಬೆನ್ನಿಗೆ ಅದೇ ಕ್ಯಾನ್ ಕಟ್ಟಿಕೊಂಡು ಸುವರ್ಣಾ ಮೆಟ್ಟಿಲಿಳಿದಳು. ತೋಟದೊಡತಿ ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಭೂಮಿಕಾ ಮೇಲೆ ಕೂತು ಬಿಟ್ಟಗಣ್ಣಿಂದ ನೋಡುತ್ತಿದ್ದಳು.

ನೀರು ಸೊಂಟಕ್ಕೆ ಬಂತು. ಸುವರ್ಣಾಳ ಹಲ್ಲು ಕಟಕಟ ಅನ್ನತೊಡಗಿದವು. ಇನ್ನೊಂದು ಮೆಟ್ಟಿಲು... ಪಾಚಿಗೆ ಕಾಲು ಜಾರಿತು!

"ಅಯ್ಯೋ! ಸತ್ನೆಪ್ಪೋ!"

ಕ್ಯಾನ್ ಆಕೆಯನ್ನು ತೇಲಿಸಿತೇನೋ ನಿಜ, ಆದರೆ ಭಯ ಬಿಡಬೇಕಲ್ಲ? ಆಕೆ ಪಕ್ಕದಲ್ಲೇ ಈಜುತ್ತಿದ್ದ ವೀರೇಶನ ಕುತ್ತಿಗೆಯನ್ನೇ ತಬ್ಬಿಕೊಂಡಳು. ಅವನಿಗೆ ಕೈ ಆಡಿಸಲೂ ಆಗದಂತಾಯಿತು.

ಅಷ್ಟರಲ್ಲಿ ಮೇಲಿನಿಂದ ಧಡಧಡ ಹೆಜ್ಜೆಯ ಸದ್ದು... ಧುಡುಂ!

ಪುಟ್ಟ ಕೈಯೊಂದು ಸುವರ್ಣಾಳ ಗದ್ದದ ಕೆಳಗೆ ಬಂತು.

"ಅವ್ವಾ, ಅಪ್ಪನ ಬಿಡು! ನೀರಿನ ಜೋಡಿ ಕುಸ್ತಿ ಹಿಡೀಬ್ಯಾಡ. ಅದರ ಮ್ಯಾಲೆ ಮಲಗು... ಹಂಗ! ಈಗ ಕಾಲು ಬಡಿ. ಬಡಿ ಬಡಿ!"

ವೀರೇಶ ದಂಗಾದ. ಅವನು ಹುಡುಗನಾಗಿದ್ದಾಗ ಇದೇ ಬಾವಿಯಲ್ಲಿ ಅಪ್ಪ ತನಗೆ ಹೇಳಿದ್ದೂ ಇದೇ ಮಾತು!

ಸುವರ್ಣಾ ಕಣ್ಣುಮುಚ್ಚಿ ಮಗಳು ಹೇಳಿದಂತೆ ಮಾಡಿದಳು. ನೀರು ಮೆಲ್ಲಗೆ ಅವಳನ್ನು ಎತ್ತಿಕೊಂಡಿತು... ಒಂದು ಮಾರು ದೂರ ಹೋಗಿ ಎದುರಿನ ಕಲ್ಲು ಹಿಡಿದಳು.

ಕಣ್ಣು ತೆರೆದು ನೋಡಿದರೆ, ಮಗಳು ಪಕ್ಕದಲ್ಲೇ ತೇಲುತ್ತಿದ್ದಾಳೆ.

"ಭೂಮೀ... ನಿನ್ನ ಬೆನ್ನಿಗೆ ಕ್ಯಾನ್ ಇಲ್ಲಲ್ಲೇ!"

ಹುಡುಗಿ ಕೈ ಹಿಂದೆ ಹಾಕಿ ಬೆನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ... ಇಡೀ ಬಾವಿ ಗುಂಯ್‌ಗುಡುವಂತೆ ನಕ್ಕಳು!

ವರ್ಷದ ಮೇಲೆ ಕೇಳಿದ ಆ ನಗುವಿಗೆ ಸುವರ್ಣಾ ಬಿಕ್ಕಿಬಿಕ್ಕಿ ಅತ್ತಳು. ವೀರೇಶ ಬೊಗಸೆ ನೀರು ತೆಗೆದು ಮತ್ತೆ ಮತ್ತೆ ಮುಖ ತೊಳೆದುಕೊಂಡ, ಕಣ್ಣೀರು ಕಾಣಬಾರದೆಂದು.

ದಂಡೆಯ ಮೇಲಿದ್ದ ಗೌರವ್ವ ಈಗ ನಗುತ್ತಿರಲಿಲ್ಲ. ಅರವತ್ತು ವರ್ಷದ ಆಕೆ ಮೆಲ್ಲಗೆ ಭೂಮಿಕಾಳನ್ನು ಕೇಳಿದಳು:

"ತಂಗೀ... ಮದಿವ್ಯಾಗಿ ಬಂದಾಗಿಂದ ಈ ಬಾವಿ ನೋಡಕೋತ ಅದೀನಿ, ಒಂದ ದಿನ ಇಳಿದಿಲ್ಲ. ನನಗೂ ಕಲಸ್ತೀಯೇನು?"

ಮುಂದಿನ ಭಾನುವಾರ ಗೌರವ್ವನ ಜೊತೆ ಓಣಿಯ ಇನ್ನಿಬ್ಬರು ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ವೀರೇಶ ನೀರಲ್ಲಿ ಕಾವಲಿಗಿದ್ದ.

ಎಂಟು ವರ್ಷದ ಟೀಚರ್ ಒದ್ದೆ ಕೂದಲು ಹಿಂದೆ ಸರಿಸಿ ಕೈ ಚಾಚಿದಳು:

"ಯಾರು ಮೊದಲು ಬರ್ತೀರಿ? ಅಂಜಬ್ಯಾಡ್ರಿ... ನಾ ಅದೀನಲ್ಲ!"

ಅಗಲಿದವರು ಕಲಿಸಿದ್ದನ್ನು ಇನ್ನೊಬ್ಬರಿಗೆ ಕಲಿಸುವುದೇ ಅವರಿಗೆ ನಾವು ಸಲ್ಲಿಸುವ ನಿಜವಾದ ನಮಸ್ಕಾರ.

ನಿಮ್ಮ ಅಜ್ಜ ನಿಮ್ಮ ಕೈಹಿಡಿದು ಏನು ಕಲಿಸಿದ್ದರು? ಅದನ್ನು ನೀವು ಯಾರಿಗೆ ಕಲಿಸಿದ್ದೀರಿ...?